ಸ್ಪಷ್ಟನೆ: ವ್ಯಾನ್ ರೈಪರ್ ಅವರ ಉಗ್ಗು 'ವಾಸಿ'ಯಾಗಿರಲಿಲ್ಲ

'ಉಗ್ಗು ಪೂರ್ತಿ ವಾಸಿಯಾದ ಮೇಲೆಯೇ ಚಾರ್ಲ್ಸ್ ವ್ಯಾನ್ ರೈಪರ್ ಸ್ಪೀಚ್ ಥೆರಪಿಸ್ಟ್ ಆದರು. ಉಗ್ಗುವವರು ಈ ಕೆಲಸಕ್ಕೆ ಬರುವಂತಿಲ್ಲ' ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ವ್ಯಾನ್ ರೈಪರ್ (1905–1994) ಅಮೆರಿಕದ ಮಿಷಿಗನ್‌ನವರು. ಚಿಕ್ಕಂದಿನಿಂದ ವಿಪರೀತ ಉಗ್ಗುತ್ತಿದ್ದರು. ಮಾತಾಡುವ ಗೋಜೇ ಬೇಡವೆಂದು ಒಮ್ಮೆ ಹೊಲದ ಕೂಲಿಯಾಗಿ, ಕಿವುಡ-ಮೂಗನಂತೆ ನಟಿಸಿದ್ದೂ ಉಂಟು. ಆಮೇಲೆ ಎದುರಾದ ಒಬ್ಬ ಮುದುಕ ಅವರ ದಾರಿ ಬದಲಿಸಿದ. ಅವನಿಗೂ ಉಗ್ಗಿತ್ತು, ಆದರೆ ವಯಸ್ಸಾದ ಮೇಲೆ ಅದರೊಂದಿಗೆ ಗುದ್ದಾಡುವುದನ್ನೇ ಬಿಟ್ಟಿದ್ದ, ಸಲೀಸಾಗಿ ಉಗ್ಗುತ್ತಿದ್ದ. ವ್ಯಾನ್ ರೈಪರ್ ಹಿಡಿದದ್ದು ಇದೇ ಎಳೆ. ಅವರ ವಿಧಾನದಲ್ಲಿ ಉಗ್ಗನ್ನು ಅಡಗಿಸುವುದಿಲ್ಲ. ಮಾತು ಸಿಕ್ಕಿಕೊಂಡರೆ ಒಂದು ಕ್ಷಣ ನಿಲ್ಲಬೇಕು, ಅದೇ ಪದವನ್ನು ಬಿಗಿ ಸಡಿಲಿಸಿ ಮತ್ತೆ ಹೇಳಬೇಕು. ರೂಢಿಯಾದಂತೆ, ಸಿಕ್ಕಿಕೊಂಡ ನಡುವೆಯೇ ಮೆಲ್ಲಗೆ ಹೊರಬರಬೇಕು. ಮಿಷಿಗನ್‌ನ ಕಲಾಮಜೂ ಊರಿನಲ್ಲಿ 1936ರಲ್ಲಿ ಚಿಕಿತ್ಸಾಲಯ ಕಟ್ಟಿದಾಗಲೂ, ಅನಂತರವೂ ಅವರು ಉಗ್ಗುವವರೇ ಆಗಿದ್ದರು. ಅಯೋವಾದ ವೆಂಡೆಲ್ ಜಾನ್ಸನ್ ಕೂಡ ಉಗ್ಗುತ್ತಲೇ ಬೆಳೆದು ಇದೇ ಕ್ಷೇತ್ರದಲ್ಲಿ ಹೆಸರಾದವರು.

ಸಂದೇಶದ ಕೊನೆಗೆ 'ನಾಲಿಗೆಗೆ ಬಜೆ ತಿಕ್ಕಿ' ಎಂಬ ಬಾಲವೂ ಇದೆ. ನಮ್ಮಜ್ಜಿಯೂ ತಿಕ್ಕಿದ್ದರು, ಖಾರವಾಗಿತ್ತು, ಅಷ್ಟೇ! ಉಗ್ಗು ನಾಲಿಗೆ ದಪ್ಪವಾಗಿ ಬರುವುದಲ್ಲ. ಮಿದುಳು ಮಾತನ್ನು ಹೊಂದಿಸುವ ರೀತಿ, ವಂಶವಾಹಿ ಎರಡೂ ಅದರಲ್ಲಿ ಸೇರಿವೆ. ಮಗುವಿಗೆ ಉಗ್ಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು. ವಾಕ್ ಚಿಕಿತ್ಸಕರಾಗುವ ಪದವಿಯನ್ನೂ ಅಲ್ಲೇ ಓದಬಹುದು.