ಹನ್ನೆರಡು ರೊಟ್ಟಿಯ ಬಿಲ್ಲು

ವಿಜಯಪುರದಲ್ಲಿ ನಮ್ಮ ಕಾಕಾನದ್ದೊಂದು ಖಾನಾವಳಿ ಇದೆ. ಒಟ್ಟು ಎಂಟು ಟೇಬಲ್. ಲೆಕ್ಕವೆಲ್ಲ ಕಾಕಾನ ತಲೆಯಲ್ಲೇ. ಯಾರು ಎಷ್ಟು ರೊಟ್ಟಿ ತಿಂದರು, ಯಾರು ಎರಡನೇ ಸಲ ಎಣ್ಣೆಗಾಯಿ ಹಾಕಿಸಿಕೊಂಡರು, ಒಂದೂ ತಪ್ಪುತ್ತಿರಲಿಲ್ಲ. ಸುಮ್ನೆ ನಡೆಯುತ್ತಿದ್ದ ಆ ಖಾನಾವಳಿಗೆ ನಾನು ಪೈಥಾನ್ ತಂದು ಬಿಟ್ಟೆ.

"ಖಾನಾವಳ್ಯಾಗ ಹಾವ ಯಾಕ ಬೇಕೋ ತಮ್ಮಾ?" ಅಂದ ಕಾಕಾ.

ಹಾವಲ್ಲ ಕಾಕಾ, 1991ರಲ್ಲಿ ಹೊರಬಂದ ಪ್ರೋಗ್ರಾಮಿಂಗ್ ಭಾಷೆ, ಇದನ್ನು ಮಾಡಿದ ಗೀಡೊ ವಾನ್ ರೋಸಮ್ ಬ್ರಿಟನ್ನಿನ ಒಂದು ಟಿವಿ ಹಾಸ್ಯ ಕಾರ್ಯಕ್ರಮದಿಂದ ಹೆಸರು ತಗೊಂಡರು ಅಂದೆ.

"ಹಂಗಾರ ನಗಸ್ತದ ಅನ್ನು."

ನಗಿಸಿತು. ಬಿಲ್ಲು ಮಾಡುವ ಪ್ರೋಗ್ರಾಮ್ ಬರೆದೆ. ರೊಟ್ಟಿಗೆ 10 ರೂಪಾಯಿ. ಎಷ್ಟು ರೊಟ್ಟಿ ಅಂತ ಕೇಳಿತು, 12 ಅಂತ ಒತ್ತಿದೆ. ಬಿಲ್ಲು ಬಂತು: 12121212121212121212.

ಕಾಕಾ ಕನ್ನಡಕ ಏರಿಸಿ ನೋಡಿದ. "ಇದೇನ ರೊಟ್ಟಿ ಬಿಲ್ಲೋ, ಎರಡ ಮಂದಿ ಮೊಬೈಲ್ ನಂಬರೋ? ಗೋಳಗುಮ್ಮಟದಾಗ ಒದರಿದಂಗ ಆಗ್ಯಾದಲ್ಲೋ!"

ಕಾಕಾ ಹೇಳಿದ್ದೇ ಸರಿ. ಇನ್‌ಪುಟ್ ಅಂತ ಕೇಳಿ ಪಡೆದದ್ದನ್ನೆಲ್ಲ ಪೈಥಾನ್ ಅಕ್ಷರ ಅಂತಲೇ ಇಟ್ಟುಕೊಳ್ಳುತ್ತದೆ, ನೀವು ಅಂಕಿ ಒತ್ತಿದ್ದರೂ. ಅಕ್ಷರವನ್ನು ಹತ್ತರಿಂದ ಗುಣಿಸಿದರೆ ಅದನ್ನೇ ಹತ್ತು ಸಲ ಒದರುತ್ತದೆ. ಬಂದದ್ದನ್ನು, ಅಕ್ಷರವನ್ನು ಅಂಕಿಯಾಗಿಸುವ ಇಂಟ್‌ನ ಕಂಸದೊಳಗೆ ಹಾಕಿದೆ. 120 ಬಂತು. ನನಗೆ ಈಗಲೂ ಸೋಜಿಗ ಅನಿಸುವುದು ಬೇರೆ: ಕನ್ನಡದ ೧೨ ಕೊಟ್ಟರೂ ಇಂಟ್ ಅದನ್ನು ಹನ್ನೆರಡು ಅಂತ ಓದುತ್ತದೆ! ಆದರೆ 'ಹನ್ನೆರಡು' ಅಂತ ಬರೆದುಕೊಟ್ಟರೆ ವ್ಯಾಲ್ಯೂ ಎರರ್ ಅಂತ ಮುಖ ತಿರುಗಿಸುತ್ತದೆ.

ಮರುದಿನ ಬಿಲ್ಲಿನ ಕೊನೆಗೆ 'ಧನ್ಯವಾದ, ಮತ್ತೆ ಬನ್ನಿ' ಸೇರಿಸಿದೆ. ಆ ಸಾಲಿನ ಮುಂದೆ ನಾಲ್ಕು ಸ್ಪೇಸ್ ಜಾಸ್ತಿ ಬಿದ್ದಿದ್ದವು. ಪೈಥಾನ್‌ಗೆ ಸ್ಪೇಸ್ ಅಂದರೆ ಅಂದಕ್ಕಲ್ಲ. ಒಳಗೆ ಸರಿದ ಸಾಲು ಲೂಪಿನ ಪಾಲು, ಅಂದರೆ ಪ್ರತಿ ತಿನಿಸಿಗೂ ಮತ್ತೆ ಮತ್ತೆ ನಡೆಯುವ ಭಾಗದ ಪಾಲು. ರೊಟ್ಟಿ, ಧನ್ಯವಾದ ಮತ್ತೆ ಬನ್ನಿ. ಜುಣಕ, ಧನ್ಯವಾದ ಮತ್ತೆ ಬನ್ನಿ. ಶೇಂಗಾ ಚಟ್ನಿ, ಧನ್ಯವಾದ ಮತ್ತೆ ಬನ್ನಿ. ಬಿಲ್ಲು ಮೊಳದುದ್ದ. "ಹೋಗ್ತೀನ್ರೀ, ಹೋಗ್ತೀನಿ" ಅಂತ ಒಬ್ಬ ಹಿರಿಯರು ಮಜ್ಜಿಗೆ ಅರ್ಧಕ್ಕೇ ಬಿಟ್ಟು ಎದ್ದರು.

ಅದನ್ನೂ ಸರಿ ಮಾಡಿದೆ. ರಾತ್ರಿ ಎಲ್ಲ ಟೇಬಲಿನ ಬಿಲ್ಲು ಒಮ್ಮೆಲೇ ತೆಗೆಯೋಣ ಅಂತ, ಸಾಲಾಗಿ ಅಂಕಿ ಎಣಿಸಿಕೊಡುವ ರೇಂಜ್‌ಗೆ 1, 8 ಅಂತ ಕೊಟ್ಟೆ. ಅದು ಎಂಟರ ಹೊಸ್ತಿಲವರೆಗೆ ಹೋಗುತ್ತದೆ, ಒಳಗೆ ಕಾಲಿಡುವುದಿಲ್ಲ. ಏಳಕ್ಕೇ ನಿಂತಿತು. 9 ಅಂತ ಬರೆಯಬೇಕಿತ್ತು. ಎಂಟನೇ ಟೇಬಲಿನ ನಾಲ್ವರು ಸ್ವಲ್ಪ ಹೊತ್ತು ಬಿಲ್ಲಿಗೆ ಕಾದು, ಬಡೇಸೋಪು ಬಾಯಿಗೆ ಹಾಕಿಕೊಂಡು ನಡೆದೇಬಿಟ್ಟರು.

ಕಾಕಾ ಈಗ ಮತ್ತೆ ತಲೆಯಲ್ಲೇ ಲೆಕ್ಕ ಮಾಡುತ್ತಾನೆ. ಆ ನಾಲ್ವರು ಮಾತ್ರ ಇವತ್ತಿಗೂ ಬಾಗಿಲಲ್ಲೇ ನಿಂತು, ಎಂಟನೇ ಟೇಬಲ್ ಖಾಲಿ ಅದ ಏನ್ರೀ ಅಂತ ಕೇಳಿಯೇ ಒಳಗೆ ಬರುತ್ತಾರೆ.