‘ನೀವು ಒಬ್ಬರೇ ತಾನೆ, ಸಾಲುವುದಿಲ್ಲವೇ?’

ಕಳೆದ ವಾರ ಕಚೇರಿಯಲ್ಲಿ ಸಂಬಳ ಏರಿಕೆಯ ಮಾತುಕತೆ ಇತ್ತು. ನನ್ನ ಸರದಿ ಬಂದಾಗ ಮೇಲಧಿಕಾರಿ, ‘ನಿಮಗೇನಮ್ಮ, ಒಬ್ಬರೇ ಇರುವುದು. ಸಂಸಾರಸ್ಥರಿಗೆ ಮೊದಲು ಕೊಡಬೇಕಲ್ಲವೇ?’ ಎಂದರು. ಅವರು ಕೆಟ್ಟ ಮನುಷ್ಯರಲ್ಲ, ಕೇಡು ಬಯಸಿ ಹೇಳಿದ್ದೂ ಅಲ್ಲ. ನನ್ನ ಸೋದರಮಾವನೂ ಹಾಗೆಯೇ ಹೇಳುತ್ತಾನೆ, ಮದುವೆ ಮನೆಗಳಲ್ಲಿ ಸಿಗುವ ನೆಂಟರೂ ಹೇಳುತ್ತಾರೆ. ಅಂದು ಉತ್ತರ ಕೊಡಲು ಬಾಯಿ ಬರಲಿಲ್ಲ. ಇಲ್ಲಿ ಲೆಕ್ಕದ ಸಮೇತ ಕೊಡುತ್ತಿದ್ದೇನೆ.

ನನಗೆ 31 ವರ್ಷ. ಪಾಂಡವಪುರದ ಕಡೆಯ ಹಳ್ಳಿಯವಳು, ಮೈಸೂರಿಗೆ ಬಂದು ಏಳು ವರ್ಷವಾಯಿತು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಬಳ 19,000 ರೂಪಾಯಿ. 15,000 ಮೂಲವೇತನದ ಮೇಲೆ ಶೇ 12ರಂತೆ ಪಿಎಫ್‌ಗೆ 1,800, ಒಟ್ಟು ಸಂಬಳದ ಮೇಲೆ ಶೇ 0.75ರಂತೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ 143 ಹೋದರೆ ಕೈಗೆ ಬರುವುದು 17,057. ಶ್ರೀರಾಂಪುರದಲ್ಲಿ ಒಂದು ಕೋಣೆ, ಅಡುಗೆಮನೆ ಇರುವ ಮನೆಗೆ ಬಾಡಿಗೆ 6,000, ನೀರಿಗೆ 250. ದಿನಸಿ, ತರಕಾರಿಗೆ 3,800. ಹಾಲು ಮತ್ತು ಗ್ಯಾಸ್ ಸೇರಿ 1,100, ಮೊಬೈಲ್‌ಗೆ 300. ಊರಿಗೆ 3,000 ಕಳುಹಿಸುತ್ತೇನೆ. ಉಳಿಯುವುದು 2,607.

ಉಳಿಯಿತಲ್ಲ ಎನ್ನುವವರು ಸ್ವಲ್ಪ ತಾಳಿ. ಕರೆಂಟ್ ಬಿಲ್ ಮತ್ತು ಬಸ್ ಚಾರ್ಜು ಈ ಲೆಕ್ಕದಲ್ಲಿ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಅದರ ಹಿಂದೆಯೇ ಗೃಹಜ್ಯೋತಿ ಬಂತು. ದಿನಕ್ಕೆ ನಾಲ್ಕು ಬಸ್ ಹತ್ತಿ ಇಳಿಯುತ್ತೇನೆ, ಶೂನ್ಯ ದರದ ಟಿಕೆಟ್. ಊರಿಗೆ ಹೋಗಿಬರುವುದಕ್ಕೂ ಅಷ್ಟೇ. ಇದನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವವರು ನನ್ನ ಪರಿಚಯದಲ್ಲೇ ಬಹಳ ಜನರಿದ್ದಾರೆ. ನನ್ನ ಸಂಬಳದಲ್ಲಿ ಮಾಲೀಕರು ಉಳಿಸಿಕೊಂಡ ಕೊರತೆಯನ್ನು ಸರ್ಕಾರಿ ಬಸ್ಸು ತುಂಬಿಕೊಡುತ್ತಿದೆ ಎಂದು ನಾನು ಹೇಳುತ್ತೇನೆ. ನನ್ನಷ್ಟೇ ಸಂಬಳದ ಪಕ್ಕದ ಮೇಜಿನ ಹುಡುಗನಿಗೆ ಈ ಆಸರೆಯೂ ಇಲ್ಲ. ಅವನು ಇಲವಾಲದಿಂದ ಬೈಕಿನಲ್ಲಿ ಬರುತ್ತಾನೆ. ತಿಂಗಳ ಕೊನೆಯ ವಾರ ಪೆಟ್ರೋಲಿಗೆ ನೂರು ರೂಪಾಯಿ ಕೈಗಡ ಕೇಳುವಾಗ ಅವನು ನನ್ನ ಮುಖ ನೋಡುವುದಿಲ್ಲ.

ಮೈಸೂರು ಅಗ್ಗದ ಊರು, ನಿವೃತ್ತರ ಸ್ವರ್ಗ ಎನ್ನುತ್ತಾರೆ. ಸ್ವಂತ ಮನೆ, ಕೈಯಲ್ಲಿ ಪಿಂಚಣಿ ಇದ್ದವರಿಗೆ ಅದು ನಿಜ. ಸಂಜೆ ಎಂಟರ ಮೇಲೆ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಹೋದರೆ ಗುಡ್ಡೆ ಲೆಕ್ಕದಲ್ಲಿ ತರಕಾರಿ ಈಗಲೂ ಅಗ್ಗವಾಗಿಯೇ ಸಿಗುತ್ತದೆ. ಬಾಡಿಗೆದಾರರ ಮೈಸೂರು ಬೇರೆ. ಎರಡು ವರ್ಷದ ಹಿಂದೆ ಮನೆ ಬದಲಿಸಿದಾಗ ಹಳೆಯ ಮಾಲೀಕರು ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ಉಳಿದ ಅಡ್ವಾನ್ಸ್ ಕೊಡಲು ಮೂರು ತಿಂಗಳು ಸತಾಯಿಸಿದರು. ಹೊಸ ಮನೆಗೆ ಅಂದೇ 50,000 ಕಟ್ಟಬೇಕಿತ್ತು. ಅವ್ವ ಮಾಡಿಸಿಕೊಟ್ಟ ಓಲೆಯನ್ನು ಗಿರವಿ ಇಟ್ಟೆ. ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರ, ಪ್ರತಿ ಸಲವೂ ಬಾಡಿಗೆ ಶೇ 5 ಹೆಚ್ಚು. ನನ್ನ ಸಂಬಳಕ್ಕೆ ಅಂಥ ಕರಾರು ಯಾರೂ ಬರೆದುಕೊಟ್ಟಿಲ್ಲ.

ಇನ್ನು ಮುಯ್ಯಿ. ವೈಶಾಖ ಬಂತೆಂದರೆ ಮಂಡ್ಯ ಸೀಮೆಯಲ್ಲಿ ವಾರಕ್ಕೆರಡು ಮದುವೆ. ಮುಯ್ಯಿ ಪುಸ್ತಕದಲ್ಲಿ ಅಪ್ಪನ ಹೆಸರು ಬರೆಸುತ್ತೇನೆ, ಹಣ ನನ್ನದು. ಐನೂರಕ್ಕಿಂತ ಕಡಿಮೆ ಹಾಕಿದರೆ ಅಪ್ಪನ ಮುಖಕ್ಕೆ ಕುಂದು. ಸಂಸಾರಸ್ಥರಿಗೆ ಆ ಹಣ ಅವರ ಮಕ್ಕಳ ಕಾರ್ಯಕ್ಕೆ ವಾಪಸು ಬರುತ್ತದೆ. ಒಂಟಿ ಹೆಣ್ಣು ಹಾಕುತ್ತಾ ಹೋಗುತ್ತಾಳೆ, ಅಷ್ಟೇ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಹಲ್ಲಿನ ವಿಷಯ. ಹೋದ ಶ್ರಾವಣದಲ್ಲಿ ಎಡಗಡೆಯ ಕೆಳದವಡೆ ಹಲ್ಲು ನೋಯತೊಡಗಿತು. ಲವಂಗ ಇಟ್ಟುಕೊಂಡೆ, ನೋವಿನ ಮಾತ್ರೆ ನುಂಗಿದೆ, ಹದಿನೈದು ದಿನ ತಳ್ಳಿದೆ. ಕೊನೆಗೆ ಬಡಾವಣೆಯ ದಂತವೈದ್ಯರ ಬಳಿ ಹೋದೆ. ಅವರು ಎಕ್ಸ್‌ರೇ ತೋರಿಸಿ, ‘ಹಲ್ಲು ಗಟ್ಟಿಯಾಗಿದೆಯಮ್ಮ, ಉಳಿಸಬಹುದು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಏಳು ಸಾವಿರ ಆಗುತ್ತದೆ’ ಎಂದರು. ಕೀಳಿಸಿದರೆ ಎಷ್ಟು ಎಂದು ಕೇಳಿದೆ. ಆರುನೂರು ಎಂದರು. ಅಂದು ತಾರೀಕು 22. ಖಾತೆಯಲ್ಲಿ 1,140 ರೂಪಾಯಿ ಇತ್ತು. ಕೀಳಿಸಿದೆ. ಉಳಿಯಬಹುದಾಗಿದ್ದ ಗಟ್ಟಿ ಹಲ್ಲನ್ನು 31ನೆಯ ವಯಸ್ಸಿಗೆ ಬಟ್ಟಲಲ್ಲಿ ನೋಡಿದಾಗ ನನಗೆ ಅಳು ಬಂತು. ಈಗ ಬಲಗಡೆಯಲ್ಲೇ ಅಗಿಯುತ್ತೇನೆ. ರಾಗಿಮುದ್ದೆಗೆ ತೊಂದರೆಯಿಲ್ಲ, ಅಗಿಯುವ ಕೆಲಸವಿಲ್ಲ. ಜೋಳದ ತೆನೆ, ಕಬ್ಬು ಬಿಟ್ಟಿದ್ದೇನೆ.

ತಿಂಗಳು ಸಾಗುತ್ತದೆ, ನಿಜ. ಒಂದನೆಯ ತಾರೀಕಿನಿಂದ ಮೂವತ್ತರವರೆಗೆ ಯಾವ ಅವಘಡವೂ ಆಗದಿದ್ದರೆ ಸಾಗುತ್ತದೆ. ಆದರೆ ವರ್ಷದಲ್ಲಿ ಅಂಥ ತಿಂಗಳು ಎಷ್ಟು?

‘ಒಬ್ಬರೇ’ ಎಂಬ ಮಾತಿಗೆ ಕಾನೂನಿನ ಲೋಕದಲ್ಲೂ ಬೆಲೆಯಿಲ್ಲ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಕನಿಷ್ಠ ವೇತನ ಹೇಗೆ ಲೆಕ್ಕ ಹಾಕಬೇಕೆಂದು ಒಪ್ಪಿಕೊಂಡಾಗ, ಒಬ್ಬ ದುಡಿಯುವವರ ಸಂಸಾರಕ್ಕೆ, ಅವರೂ ಸೇರಿ, ಮೂರು ಬಳಕೆ ಘಟಕಗಳನ್ನು, ಅಂದರೆ ಮೂವರು ವಯಸ್ಕರ ಖರ್ಚನ್ನು, ಲೆಕ್ಕಕ್ಕೆ ಹಿಡಿದರು. ವಯಸ್ಕರೊಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ ಎಲ್ಲವೂ ಅದರಲ್ಲಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ವೈದ್ಯಕೀಯ ಖರ್ಚು, ಹಬ್ಬ ಮತ್ತು ಸಮಾರಂಭ, ಮುಪ್ಪು, ಮದುವೆಗಳಿಗೆಂದು ಇನ್ನೂ ಶೇ 25 ಸೇರಿಸಬೇಕೆಂದಿತು. ಹಲ್ಲುನೋವೂ ಮುಯ್ಯಿಯೂ ಸಂಬಳದ ಒಳಗಿನ ವಿಷಯಗಳೇ ಎಂದು ದೇಶದ ದೊಡ್ಡ ನ್ಯಾಯಾಲಯವೇ ಒಪ್ಪಿದೆ. ಮದುವೆಯಾಗದವರಿಗೆ ಕಡಿಮೆ ಸಾಕು ಎಂದು ಅಲ್ಲೆಲ್ಲೂ ಹೇಳಿಲ್ಲ. ನನ್ನ ಹಿಂದೆಯೂ ಮಂಡಿನೋವಿನ ಅಪ್ಪ, ಸಕ್ಕರೆ ಕಾಯಿಲೆಯ ಅವ್ವ ಇದ್ದಾರೆ. ಪಡಿತರ ಚೀಟಿಯಲ್ಲಿ ನನ್ನ ಹೆಸರು ಅವರ ಜೊತೆಗಿಲ್ಲದ ಮಾತ್ರಕ್ಕೆ ನಾನು ಒಬ್ಬಳಾಗುವುದಿಲ್ಲ.

ಎರಡು ಸಾವಿರದ ಮೇಲೆ ಸ್ವಲ್ಪ ಹೆಚ್ಚಿಸಿದರೆ ಸಾಕೇ ಎಂದರೆ ಅದೂ ಸುಲಭವಿಲ್ಲ. ಸಂಬಳ 21,000 ದಾಟಿದರೆ, ನಡೆಯುತ್ತಿರುವ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐ ನಿಲ್ಲುತ್ತದೆ. ಆಮೇಲೆ ಆರೋಗ್ಯ ವಿಮೆಯನ್ನು ಕೈಯಿಂದ ಕಟ್ಟಬೇಕು. ಆದ್ದರಿಂದ ನಾನು ಕೇಳುತ್ತಿರುವುದು 24,000. ಪಿಎಫ್ ಕಳೆದು 22,200 ಕೈಗೆ ಬಂದರೆ ವಿಮೆ ಕಟ್ಟಿ, ಓಲೆ ಬಿಡಿಸಿಕೊಂಡು, ತಿಂಗಳಿಗೆ ಎರಡು ಸಾವಿರ ಎತ್ತಿಡಬಹುದು. ಏಳು ವರ್ಷ ಒಂದು ಕಾಗದವನ್ನೂ ತಪ್ಪಾಗಿ ಬರೆಯದವಳಿಗೆ ಇದು ಹೆಚ್ಚಾಯಿತೆಂದು ನನಗೆ ಅನ್ನಿಸುವುದಿಲ್ಲ.

ಪತ್ರ ಬರೆದಿಟ್ಟಿದ್ದೇನೆ, ಸೋಮವಾರ ಕೊಡುತ್ತೇನೆ. ಅದರ ಹಿಂದೆ ಈ ಲೆಕ್ಕದ ಹಾಳೆಯನ್ನೂ, ದಂತವೈದ್ಯರ ಆರುನೂರು ರೂಪಾಯಿಯ ರಸೀದಿಯನ್ನೂ ಲಗತ್ತಿಸಿದ್ದೇನೆ.