ಮೀನು ಮಲಗಿದ ಕಲ್ಲು

ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಸೆರಗಿನಲ್ಲಿ, ಉಗುರಿನ ಸಂದಿಯಲ್ಲಿ ಸೀಮೆಸುಣ್ಣದ ಪುಡಿ ಇಲ್ಲದ ದಿನವೇ ಇರಲಿಲ್ಲ. ಆದರೂ ಸೀಮೆಸುಣ್ಣದ ಬಂಡೆಯನ್ನು ಕಣ್ಣಾರೆ ಕಂಡದ್ದು ನಿವೃತ್ತಿಯಾಗಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ, ಕ್ಯಾನ್ಸಸ್ ರಾಜ್ಯದ ಗೋವ್ ಕೌಂಟಿಯಲ್ಲಿ.

ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು. ನಡುವೆ ಮಾನ್ಯುಮೆಂಟ್ ರಾಕ್ಸ್ ಎಂಬ ಕಲ್ಲಿನ ಗೋಡೆಗಳು, ಸುಮಾರು 20 ಮೀಟರ್ ಎತ್ತರ. ಬೆಳ್ಳಗಿರುತ್ತವೆ ಎಂದುಕೊಂಡಿದ್ದೆ, ಹಳೆಯ ಪಂಚೆಯ ಹಾಗೆ ಮಾಸಿದ ಹಳದಿ. ಮೆಲ್ಲಗೆ ಬೆರಳಿಟ್ಟೆ. ಅದೇ ನಯವಾದ ಪುಡಿ ಅಂಟಿತು. ಅಭ್ಯಾಸಬಲದಿಂದ ಸೆರಗಿಗೆ ಒರೆಸಲು ಹೋದವಳು ಹಾಗೆಯೇ ನಿಂತೆ.

ಹಿಂದಿನ ದಿನ ಹೇಸ್ ಊರಿನ ಸ್ಟರ್ನ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿ ಮೀನಿನೊಳಗಿನ ಮೀನನ್ನು ನೋಡಿದ್ದೆ. ಹದಿನಾಲ್ಕು ಅಡಿಯ ಜಿಫಾಕ್ಟಿನಸ್ ಎಂಬ ಪುರಾತನ ಮೀನು, ಅದರ ಹೊಟ್ಟೆಯಲ್ಲಿ ಇಡಿಯಾಗಿ ನುಂಗಿದ ಇನ್ನೊಂದು ಮೀನು. 1952ರಲ್ಲಿ ಪಳೆಯುಳಿಕೆ ಸಂಗ್ರಾಹಕ ಜಾರ್ಜ್ ಸ್ಟರ್ನ್‌ಬರ್ಗ್, ಈ ಗೋಡೆಗಳೂ ಸೇರಿದ ನಯೋಬ್ರಾರಾ ಎಂಬ ಸೀಮೆಸುಣ್ಣದ ಪದರದಿಂದ ಬಿಡಿಸಿ ತೆಗೆದದ್ದು. ಹಲ್ಲಿದ್ದ ಹಕ್ಕಿಗಳು ಸಿಕ್ಕಿದ್ದೂ ಇದೇ ಪದರದಲ್ಲಿ. ಬಂದವರೆಲ್ಲ ಆ ಮೀನಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ; ನಾನೂ ತೆಗೆಸಿಕೊಂಡೆ. ಆದರೆ ಪಳೆಯುಳಿಕೆ ಎಂದರೆ ಮೀನು, ಕಲ್ಲು ಅದರ ಹಾಸಿಗೆ ಎಂದು ಎಣಿಸುವುದನ್ನು ನಾನು ಒಪ್ಪಲಾರೆ. ಆ ಕಲ್ಲೇ ಪಳೆಯುಳಿಕೆ.

ಸುಮಾರು 8.5 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕವನ್ನು ಎರಡಾಗಿ ಸೀಳಿಕೊಂಡು ಕಡಲು ಹರಡಿತ್ತು. ಅದರಲ್ಲಿ ತೇಲುತ್ತಿದ್ದ ಏಕಕೋಶ ಪಾಚಿಗಳು ಮೈತುಂಬ ಸುಣ್ಣದ ಬಿಲ್ಲೆಗಳನ್ನು ಹೊದ್ದಿದ್ದವು. ಒಂದು ಮಿಲಿಮೀಟರಿನೊಳಗೆ ನೂರಾರು ಬಿಲ್ಲೆಗಳನ್ನು ಸಾಲಾಗಿ ಜೋಡಿಸಬಹುದು, ಅಷ್ಟು ಚಿಕ್ಕವು. ಒಂಟಿ ಬಿಲ್ಲೆ ಮುಳುಗುವುದು ತೀರ ನಿಧಾನ. ಪಾಚಿ ತಿಂದ ಪುಟ್ಟ ಜೀವಿಗಳ ಹಿಕ್ಕೆಯಲ್ಲಿ ಉಂಡೆಗಟ್ಟಿದವು ಬೇಗ ಬೇಗ ತಳ ಸೇರಿದವು. ಹಾಗೆ ರಾಶಿಬಿದ್ದ ಬಿಲ್ಲೆಗಳೇ ಗಟ್ಟಿಯಾಗಿ ಈ ಸೀಮೆಸುಣ್ಣದ ಕಲ್ಲಾದವು. ತಳದಲ್ಲಿ ಆಮ್ಲಜನಕ ಕಡಿಮೆ, ಹೆಣ ಕೆದಕುವ ಪ್ರಾಣಿಗಳೂ ವಿರಳ. ಅಲ್ಲಿ ಬಿದ್ದ ಮೀನು ಚದುರದೆ ಉಳಿಯಿತು.

ಇದನ್ನು ನಾನು ನನ್ನ ತರಗತಿಯ ಮಕ್ಕಳಿಗೆ ಹೇಳಿರಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ. ಶಾಲೆಗೆ ಬರುವ ಕಡ್ಡಿಗಳು ಬಹುಪಾಲು ಜಿಪ್ಸಮ್ ಎಂಬ ಬೇರೆ ಖನಿಜದವು, ನಿಜ. ಹೆಸರಿನಲ್ಲಿ ಮಾತ್ರ ಸೀಮೆಯಿಂದ ಬಂದ ಸುಣ್ಣ ಉಳಿದಿದೆ. ಆ ಹೆಸರೇ ಸಾಕು ಪಾಠ ಶುರುಮಾಡಲು. ಇದನ್ನು ಓದುತ್ತಿರುವ ಶಿಕ್ಷಕರೇ, ಡೈನೊಸಾರ್ ಚಿತ್ರ ಆಮೇಲೆ ತೋರಿಸಿ. ಮೊದಲು ಒಂದು ಕಡ್ಡಿ ಹಿಡಿದು, ಇದಕ್ಕೆ ಸೀಮೆಸುಣ್ಣ ಎಂದೇಕೆ ಹೆಸರು ಎಂದು ಕೇಳಿ.

ಹೊರಡುವಾಗ, "ಅಮ್ಮಾ, ಉದುರಿದ ಚೂರೊಂದನ್ನು ತೆಗೆದುಕೊಳ್ಳಲೇ?" ಎಂದು ಮಗಳು ಕೇಳಿದಳು. ಬೇಡ ಎಂದೆ. ಬೆರಳಿನ ಪುಡಿಯನ್ನು ಸಂಜೆಯವರೆಗೂ ತೊಳೆಯಲಿಲ್ಲ.